ಅಂದಾನಪ್ಪನ ಇಪ್ಪತ್ತೇಳು ಗಾಡಿ

ಮಲಪ್ರಭೆಯ ದಂಡೆಯ ಮೇಲೆ ಒಂದು ಸಣ್ಣ ಮಠ. ಮೂರು ಕೋಣೆ, ಒಂದು ಪಡಸಾಲೆ, ಅಂಗಳದಲ್ಲೊಂದು ಬೇವಿನ ಮರ. ಅಲ್ಲಿದ್ದ ಗುರುಗಳಿಗೆ ಉದ್ದನೆಯ ಹೆಸರೊಂದಿತ್ತು, ಆದರೆ ಅದನ್ನು ಯಾರೂ ಬಳಸುತ್ತಿರಲಿಲ್ಲ. ಎಲ್ಲರಿಗೂ ಅವರು ಅಜ್ಜಾರು.

ಯುಗಾದಿ ಕಳೆದ ವಾರ ಆ ಮಠದ ಮುಂದೆ ಒಂದು ಟಂಟಂ ಆಟೋ ಬಂದು ನಿಂತಿತು. ಅದರಿಂದ ಇಳಿದವನು ಅಂದಾನಪ್ಪ. ಮೂವತ್ತೆಂಟು ವರ್ಷ ಸ್ಟೇಷನ್ ಮಾಸ್ತರನಾಗಿ ದುಡಿದು ನಿವೃತ್ತನಾದವನು. ಹೆಂಡತಿ ನೀಲವ್ವ ತೀರಿಕೊಂಡು ಎರಡು ವರ್ಷವಾಗಿತ್ತು. ಒಬ್ಬಳೇ ಮಗಳು, ಗದಗದಲ್ಲಿ ತನ್ನ ಸಂಸಾರ ನೋಡಿಕೊಂಡಿದ್ದಳು. ಇನ್ನು ನನಗೇನಿದೆ, ಮಠ ಸೇರಿ ಕಾವಿ ಉಡುತ್ತೇನೆ ಎಂದು ಬಾಡಿಗೆ ಮನೆಯ ಕೀಲಿಯನ್ನು ಮಾಲೀಕನಿಗೆ ಕೊಟ್ಟು ಹೊರಟು ಬಂದಿದ್ದ.

ಏನಿದೆ ಎಂದರೆ, ಒಂದು ತಗಡಿನ ಟ್ರಂಕಿತ್ತು. ಅದನ್ನು ಇಳಿಸುವಷ್ಟರಲ್ಲಿ ಟಂಟಂನವನ ನಡು ಹಿಡಿದುಕೊಂಡಿತು.

"ಕಲ್ಲು ತುಂಬೀರೇನ್ರಿ ಮಾಸ್ತರ?"

"ಸಾವಕಾಶ ಇಡಪಾ! ಅಡ್ಡ ಮಾಡಬ್ಯಾಡ, ಅಡ್ಡ ಮಾಡಬ್ಯಾಡ!"

ಪಡಸಾಲೆಯಲ್ಲಿ ಕೂತಿದ್ದ ಅಜ್ಜಾರು ಇದನ್ನೆಲ್ಲ ನೋಡುತ್ತಿದ್ದರು. ಅಂದಾನಪ್ಪ ಬಂದು ಪಾದ ಮುಟ್ಟಿ, ತನಗೆ ಬೇಕಾದ್ದನ್ನು ಹೇಳಿಕೊಂಡ. ಇಲ್ಲೇ ಇರುತ್ತೇನೆ, ದೀಕ್ಷೆ ಕೊಡಿ, ಸಾಯುವತನಕ ಮಠದ ಸೇವೆ ಮಾಡುತ್ತೇನೆ ಎಂದ.

"ಟ್ರಂಕಿನ್ಯಾಗ ಏನೈತಿ?" ಎಂದು ಅಜ್ಜಾರು ಕೇಳಿದರು.

"ಗಾಡಿ ಅದಾವ್ರಿ ಅಜ್ಜಾರ. ರೈಲು ಗಾಡಿ. ಸಣ್ಣವು. ಇಪ್ಪತ್ತೇಳು."

"ಆಟದ ಸಾಮಾನೇನು?"

ಅಂದಾನಪ್ಪನಿಗೆ ಸಿಟ್ಟು ಬಂತು. ಗುರುಗಳ ಮುಂದೆ ಅಲ್ಲವೇ, ನುಂಗಿಕೊಂಡ.

"ಆಟದ ಸಾಮಾನಲ್ರಿ. ಮಾಡೆಲ್ಲು. ಖರೇ ಗಾಡಿ ಹೆಂಗಿರತೈತಿ ಹಂಗ, ಅಳತಿ ಇಳಿಸಿ ಮಾಡಿದ್ದು."

"ಹೌದಾ? ತೋರಸು, ನೋಡೂಣು."

ಅಷ್ಟು ಹೇಳಿದ್ದೇ ತಪ್ಪಾಯಿತು. ಟ್ರಂಕು ತೆರೆಯಿತು, ಒಂದು ತಾಸು ಮುಚ್ಚಲಿಲ್ಲ. ಒಂದೊಂದು ಗಾಡಿಗೂ ಹಳೆ ಸೀರೆಯ ಬಟ್ಟೆಯಲ್ಲಿ ಹೊಲಿದ ಒಂದೊಂದು ಚೀಲ. ಚೀಲದ ಲಾಡಿ ಬಿಚ್ಚಿ, ಮೆಲ್ಲಗೆ ಹೊರತೆಗೆದು, ಉಸಿರಿನಿಂದ ಧೂಳು ಊದಿ, ಚಾಪೆಯ ಮೇಲೆ ಸಾಲಾಗಿ ನಿಲ್ಲಿಸಿದ.

"ಈ ಕೆಂಪು ಎಂಜಿನ್ ಮಿರಜದಾಗ ತಗೊಂಡದ್ದು. ಮದಿವಿ ಆದ ಹೊಸದಾಗಿ. ಆಕಿಗೆ ಸೀರಿ ತರ್ತೇನಿ ಅಂತ ಹೋಗಿ ಇದನ್ನ ತಂದೆ. ಎರಡು ದಿನ ಮಾತಾಡಲಿಲ್ರಿ ಆಕಿ. ಮೂರನೇ ದಿನ ತನ್ನ ಹಳೇ ಸೀರಿ ಹರದು ಇದಕ್ಕ ಚೀಲಾ ಹೊಲದ್ಲು."

"ಛಲೋ ಹೆಣಮಗಳು," ಎಂದರು ಅಜ್ಜಾರು.

"ಈ ಹಸರದು ಜರ್ಮನಿದು. ನಮ್ಮ ಎಂಜಿನಿಯರ್ ಸಾಹೇಬ್ರು ಅಲ್ಲಿಂದ ತಂದಿದ್ರು. ಅವರ ಬೆನ್ನು ಹತ್ತಿ ಮೂರು ವರ್ಷ ತಿರಿಗೇನಿ. ಮತ್ತ ಇದು, ಇದು ನಾನ ಮಾಡಿದ್ದು. ಎಣ್ಣಿ ಡಬ್ಬಿ ತಗಡು. ಎರಡು ಗೂಡ್ಸ್ ಗಾಡಿ ನಡುವ ಮಧ್ಯಾಹ್ನ ಪುರುಸೊತ್ತು ಸಿಗತಿತ್ತು ನೋಡ್ರಿ, ಆವಾಗ ಕೂತು ಬಡದದ್ದು. ಒಳಗ ಹಳೇ ಗಡಿಯಾರದ ಸ್ಪ್ರಿಂಗ್ ಐತಿ. ಕೀಲಿ ಕೊಟ್ರ ಓಡತೈತಿ."

ಅಜ್ಜಾರಿಗೆ ಅದು ಮೆಚ್ಚುಗೆಯಾಯಿತು. ಕೈ ಚಾಚಿದರು.

"ಅಜ್ಜಾರ! ಮುಟ್ಟಬ್ಯಾಡ್ರಿ!"

ಅಂಗಳ ಗುಡಿಸುತ್ತಿದ್ದ ಶಿಷ್ಯ ಕಸಬರಿಗೆ ಹಿಡಿದುಕೊಂಡೇ ನಿಂತುಬಿಟ್ಟ. ಆ ಮಠದಲ್ಲಿ ಅಜ್ಜಾರಿಗೆ ಬೇಡ ಎಂದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ.

ಅಜ್ಜಾರು ಕೈ ಹಿಂದಕ್ಕೆ ತೆಗೆದುಕೊಂಡು ಗಹಗಹಿಸಿ ನಕ್ಕರು.

"ಯಪ್ಪಾ! ಭಾಳ ಬಿಗಿ ಐತಲ್ಲೋ ನಿನ್ನ ಸ್ಟೇಷನ್ನು."

"ತಪ್ಪಾತ್ರಿ. ಬೆವರಿನ ಕೈ ಹತ್ತಿದ್ರ ತುಕ್ಕು ಹಿಡೀತಾವು, ಅದಕ್ಕ..." ಅಂದಾನಪ್ಪನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಇರಲಿ, ಇರಲಿ. ಕಟ್ಟಿ ಇಡು."

ಎಲ್ಲವನ್ನೂ ಕಟ್ಟಿ ಇಟ್ಟ ಮೇಲೆ ಅಜ್ಜಾರು ಹೇಳಿದರು: "ಶ್ರಾವಣದ ಕಡೇ ಸೋಮವಾರ ದೀಕ್ಷಾ ಕೊಡ್ತೇನಿ. ಅಷ್ಟರಾಗ ಇವನ್ನ ಯಾರಿಗರ ಕೊಟ್ಟು ಬಾ."

ಅಂದಾನಪ್ಪ ಟ್ರಂಕನ್ನು ನೋಡಿದ, ಅಜ್ಜಾರನ್ನು ನೋಡಿದ.

"ಮಠಕ್ಕ ಕೊಡ್ತೇನಲ್ರಿ. ಒಂದು ಗಾಜಿನ ಕಪಾಟ ಮಾಡಸಿದ್ರ..."

"ಮಠಕ್ಕ ಬ್ಯಾಡ. ಇಲ್ಲಿಟ್ರ ದಿನಾ ಎದ್ದು ಅವನ್ನ ನೋಡ್ತಿ. ಶಿವನ್ನ ಯಾರು ನೋಡಬೇಕು?"

*

ಅಂದಾನಪ್ಪ ಜಿಪುಣನಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕೊಡು ಅಂದರೆ ಕೊಡುವವನೇ. ಬೇಸಿಗೆಯುದ್ದಕ್ಕೂ ಬಸ್ಸು ಹತ್ತಿ ಇಳಿದು, ಪರಿಚಯದವರನ್ನು ಹುಡುಕಿ ಹುಡುಕಿ ಕೊಟ್ಟ. ವಕೀಲರಿಗೆ ಒಂದು, ಡ್ರಾಯಿಂಗ್ ಮಾಸ್ತರಿಗೆ ಒಂದು, ಹೂವು ಮಾರುವ ಸಾವಂತ್ರವ್ವನಿಗೆ ಒಂದು, ಸ್ಟೇಷನ್ ಎದುರಿನ ಚಹದಂಗಡಿಯವನಿಗೆ ಒಂದು. ಮಿರಜಿನ ಕೆಂಪು ಎಂಜಿನ್ ಟೇಲರ್ ಜೈನಾಬಿಯ ಪಾಲಾಯಿತು. ನೀಲವ್ವನ ಕುಪ್ಪಸಗಳನ್ನೆಲ್ಲ ಹೊಲಿದವಳು ಆಕೆ.

ಆದರೆ ಮೂವತ್ತೆಂಟು ವರ್ಷದ ಅಭ್ಯಾಸ ಎಲ್ಲಿ ಬಿಡುತ್ತದೆ? ರೈಲ್ವೆಯಲ್ಲಿ ಬಾಯಿಮಾತಿನ ಮೇಲೆ ಯಾವುದನ್ನೂ ಕೈ ಬದಲಿಸುವುದಿಲ್ಲ. ಒಂದೊಂದು ಗಾಡಿಗೂ ಅಂದಾನಪ್ಪ ಒಂದೊಂದು ಚಾರ್ಜ್ ಚೀಟಿ ಬರೆದ. ಮೇಲೆ ಗಾಡಿಯ ಹೆಸರು, ಕೆಳಗೆ ಹನ್ನೊಂದು ಸೂಚನೆ, ಅದರ ಕೆಳಗೆ ಕೊಟ್ಟವನ ಸಹಿ, ತಗೊಂಡವರ ಸಹಿ.

ಕೊನೆಗೆ ಉಳಿದದ್ದು ಎಣ್ಣೆ ಡಬ್ಬಿಯ ಗಾಡಿ. ಇದನ್ನು ಯಾರಿಗೆ ಕೊಟ್ಟರೂ ಹಾಳು ಮಾಡುತ್ತಾರೆ ಎಂದು ಅಂದಾನಪ್ಪ ನಾಲ್ಕು ದಿನ ನಿದ್ದೆಗೆಟ್ಟ. ಆಮೇಲೆ ಮಗಳು ಕಸ್ತೂರಿಯ ನೆನಪಾಯಿತು. ಅವಳು ಯಾವ ಸಾಮಾನಿಗೂ ಗೀರು ಬೀಳಿಸಿದವಳಲ್ಲ. ಗದಗಿಗೆ ಹೋಗಿ ಅವಳಿಗೆ ಕೊಟ್ಟ. ಅವಳಿಂದಲೂ ಸಹಿ ಮಾಡಿಸಿಕೊಂಡ.

ಖಾಲಿ ಟ್ರಂಕು ತಂದು ಅಜ್ಜಾರ ಮುಂದೆ ತೆರೆದಿಟ್ಟ.

"ಎಲ್ಲಾ ಕೊಟ್ಟೇನ್ರಿ."

"ಭಾಳ ಛಲೋ," ಎಂದರು ಅಜ್ಜಾರು.

*

ಅಂದಾನಪ್ಪ ಮಠದ ಕೆಲಸಕ್ಕೆ ಕೈಹಚ್ಚಿದ. ನೀರು ತಂದ, ಕಟ್ಟಿಗೆ ಸೀಳಿದ, ದಾಸೋಹಕ್ಕೆ ರೊಟ್ಟಿ ಬಡಿಯುವುದನ್ನು ಕಲಿತ. ಸೋಮವಾರ ಮಾತ್ರ ಅವನು ಕೈಗೆ ಸಿಗುತ್ತಿರಲಿಲ್ಲ. ಬೇವಿನ ಮರದ ಕೆಳಗೆ ಮೊಬೈಲ್ ಹಿಡಿದು ಕೂತರೆ ಮಧ್ಯಾಹ್ನದ ಊಟದವರೆಗೂ ಏಳುತ್ತಿರಲಿಲ್ಲ.

"ಹಲೋ, ಅಂದಾನಪ್ಪ ಮಾತಾಡತೇನ್ರಿ. ಎಣ್ಣಿ ಬಿಟ್ರೇನು? ಎಷ್ಟು ಹನಿ? ಎರಡಕ್ಕಿಂತ ಹೆಚ್ಚು ಬ್ಯಾಡ್ರಿ. ಬಿಸಲಾಗ ಇಟ್ಟಿಲ್ಲಲ್ಲ? ಹಾಂ. ಹಾಂ. ಚೀಲದಾಗ ಹಾಕಿ ಇಡ್ರಿ."

ಇಪ್ಪತ್ತೇಳು ಮನೆಗೂ ಹೀಗೇ.

ಮೂರನೆಯ ಸೋಮವಾರ ಅಜ್ಜಾರು ಬಂದು ಪಕ್ಕದಲ್ಲಿ ಕೂತರು.

"ಯಾರ ಜೋಡಿ ಮಾತು?"

"ಗಾಡಿ ಕೊಟ್ಟವರ ಜೋಡಿರಿ."

"ಕೊಟ್ಟು ಆತಲ್ಲ, ಇನ್ನೇನು?"

ಅಂದಾನಪ್ಪ ತಿಳಿಹೇಳುವ ಧಾಟಿಯಲ್ಲಿ ಶುರು ಮಾಡಿದ. ಗುರುಗಳಿಗೆ ರೈಲ್ವೆ ಗೊತ್ತಿಲ್ಲ ಪಾಪ ಎಂಬ ಕರುಣೆ ಅವನ ದನಿಯಲ್ಲಿತ್ತು.

"ಹಂಗಲ್ರಿ ಅಜ್ಜಾರ. ಒಂದು ಸ್ಟೇಷನ್ನಿನಿಂದ ಗಾಡಿ ಬಿಟ್ಟಕೂಡಲೇ ಮಾಸ್ತರನ ಕೆಲಸ ಮುಗಿಯಂಗಿಲ್ಲ. ಮುಂದಿನ ಸ್ಟೇಷನ್ನಿನವರು 'ಗಾಡಿ ಪೂರ್ತಿ ಬಂತು, ಕಡೇ ಡಬ್ಬಿನೂ ನೋಡಿದೆ' ಅಂತ ಹೇಳಬೇಕು. ಅಲ್ಲೀತನ ಆ ಲೈನಿನ ಮ್ಯಾಲ ಇನ್ನೊಂದು ಗಾಡಿ ಬಿಡಾಕ ಬರಂಗಿಲ್ಲ."

"ಅವರು ಬಂತು ಅಂತ ಹೇಳಿಲ್ಲೇನು?"

"ಹೇಳ್ಯಾರ್ರಿ."

"ಎಷ್ಟು ಸಲ?"

ಅಂದಾನಪ್ಪ ಲೆಕ್ಕ ಹಾಕಿದ. "ಮೂರು ಸಲರಿ."

"ಅಷ್ಟು ಸಲ ಬಂದ್ರೂ ನಿನ್ನ ಲೈನು ಖಾಲಿ ಆಗಿಲ್ಲಂದ್ರ, ಅದು ಅವರ ಸ್ಟೇಷನ್ನಿನ ತಕರಾರಲ್ಲೋ ತಮ್ಮಾ."

ಅಷ್ಟಂದು ಎದ್ದು ಹೋದರು. ಅಂದಾನಪ್ಪ ಸ್ವಲ್ಪ ಹೊತ್ತು ಯೋಚಿಸಿದ. ಆಮೇಲೆ ಉಳಿದ ಒಂಬತ್ತು ಮನೆಗೆ ಫೋನ್ ಮಾಡಿದ.

*

ಆಷಾಢದ ಒಂದು ಮಧ್ಯಾಹ್ನ ಜೈನಾಬಿ ಮಠಕ್ಕೆ ಬಂದಳು. ಕೈಯಲ್ಲಿ ಒಂದು ಬಟ್ಟೆಯ ಗಂಟು. ಪಡಸಾಲೆಯ ಮೆಟ್ಟಿಲ ಮೇಲೆ ಅದನ್ನಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು ನಿಂತಳು.

ಅಂದಾನಪ್ಪ ಗಂಟು ಬಿಚ್ಚಿದ. ಮಿರಜಿನ ಕೆಂಪು ಎಂಜಿನ್. ಮುಂದಿನ ಗಾಲಿ ಸೊಟ್ಟಗಾಗಿತ್ತು.

ಅವನ ಕಣ್ಣು ಮೊದಲು ಹೋದದ್ದು ಗಾಲಿಯ ಕಡೆಗೇ. ಅಚ್ಚು ಬಾಗಿದೆಯೋ, ಮುರಿದಿದೆಯೋ ಎಂದು ತಿರುಗಿಸಿ ತಿರುಗಿಸಿ ನೋಡಿದ. ಜೈನಾಬಿ ಅಳುತ್ತಿದ್ದಾಳೆ ಎಂಬುದು ಆಮೇಲೆ ಗೊತ್ತಾಯಿತು.

"ಸೀರಿ ತಗಿಯಾಕ ಹೋದೆ, ಕಪಾಟಿಂದ ಬಿತ್ರಿ. ನಾ ಬೇಕಂತ ಮಾಡಿಲ್ಲ, ಅಲ್ಲಾನ ಆಣೆ."

"ಇರಲಿ ಬಿಡವಾ. ಹೆಂಗ ಬಿತ್ತು? ಗಾಲಿ ಮ್ಯಾಲ ಬಿತ್ತೋ, ಅಡ್ಡ ಬಿತ್ತೋ?"

ಜೈನಾಬಿ ಸೆರಗಿನಿಂದ ಮುಖ ಒರೆಸಿಕೊಂಡಳು. ಈಗ ಅವಳ ದನಿ ಗಟ್ಟಿಯಾಯಿತು.

"ಮಾಸ್ತರ, ನಿಮ್ಮ ಗಾಡಿ ನೀವ ಇಟ್ಕೊಳ್ರಿ. ನೀಲವ್ವಕ್ಕನ ನೆನಪಿಗೆ ಅಂತ ತಗೊಂಡೆ. ಅದು ಬಂದ ದಿನದಿಂದ ಮನ್ಯಾಗ ಸುಖಾ ಇಲ್ಲ. ಮಕ್ಕಳು ಆ ಕೋಣಿಯಾಗ ಹೋಗೂದ ಬಿಟ್ಟಾವು. ಸೋಮವಾರ ಬಂತಂದ್ರ ಎದಿ ಡವಡವ ಅಂತೈತಿ. ಇವತ್ತ ಮಾಸ್ತರು ಏನು ಕೇಳ್ತಾರೋ, ನಾ ಏನು ಹೇಳಬೇಕೋ!"

ಅಂದಾನಪ್ಪನಿಗೆ ಮುಖಕ್ಕೆ ಹೊಡೆದಂತಾಯಿತು. ಗಾಲಿ ತಿರುಗಿಸುವುದನ್ನು ನಿಲ್ಲಿಸಿದ.

ಅಜ್ಜಾರು ಒಳಗಿನಿಂದ ಬಂದರು. ಜೈನಾಬಿಗೆ ನೀರು ಬೆಲ್ಲ ಕೊಡಿಸಿದರು. ಆಮೇಲೆ ಪೂಜೆಯ ಬುಟ್ಟಿಯಿಂದ ಹೂವು ಕಟ್ಟುವ ದಾರ ತೆಗೆದು, ಅಂದಾನಪ್ಪನ ಕೈಯಿಂದ ಎಂಜಿನ್ ಇಸಿದುಕೊಂಡು, ಅದರ ಕೊಂಡಿಗೆ ಕಟ್ಟಿದರು.

ಅಂಗಳಕ್ಕಿಳಿದು ದಾರ ಹಿಡಿದು ಎಳೆಯತೊಡಗಿದರು.

ಕಲ್ಲು ಹಾಸಿನ ಅಂಗಳ. ಎಂಜಿನ್ ಕಟಕಟ ಎಂದು ಕುಂಟುತ್ತ, ಅಡ್ಡ ಬೀಳುತ್ತ, ಮತ್ತೆ ಏಳುತ್ತ ಬಂತು. ಕೆಂಪು ಬಣ್ಣ ಕಲ್ಲಿಗೆ ಹತ್ತಿತು. ಅಂದಾನಪ್ಪ ಕಣ್ಣು ಮುಚ್ಚಿಕೊಂಡ. ಮುಚ್ಚಿದರೇನು, ಸದ್ದು ಕೇಳುತ್ತಲೇ ಇತ್ತು.

ಬೇವಿನ ಮರ ಒಂದು ಸುತ್ತು ಹಾಕಿ, ಜೈನಾಬಿಯ ಮುಂದೆ ತಂದು ನಿಲ್ಲಿಸಿದರು.

"ತಗೊ ತಂಗಿ. ಬಣ್ಣ ಹೋತು, ಗಾಲಿ ಸೊಟ್ಟಾತು. ಇನ್ನ ಹೆದರೂ ಕಾರಣ ಇಲ್ಲ. ಮಕ್ಕಳಿಗೆ ಕೊಡು."

"ಮಾಸ್ತರು ಏನಂತಾರೋ ಏನೋ..."

"ಅವನ್ನ ಕೇಳು."

ಇಬ್ಬರೂ ಅಂದಾನಪ್ಪನ ಕಡೆ ನೋಡಿದರು. ಅವನು ಬಂದು ದಾರದ ತುದಿಯನ್ನು ಅವಳ ಕೈಗೆ ಕೊಟ್ಟ.

"ಒಯ್ಯವಾ."

ಜೈನಾಬಿ ದಾರ ಹಿಡಿದು ಗಾಡಿಯನ್ನು ನೋಡಿದಳು, ಅಜ್ಜಾರ ಮುಖ ನೋಡಿದಳು, ಇಷ್ಟು ಹೊತ್ತು ಅತ್ತವಳು ಕಿಸಕ್ಕನೆ ನಕ್ಕುಬಿಟ್ಟಳು. ಸೊಂಟದ ಚೀಲದಿಂದ ಚಾರ್ಜ್ ಚೀಟಿ ತೆಗೆದು ಮೆಟ್ಟಿಲ ಮೇಲಿಟ್ಟು ಹೋದಳು.

ಅಜ್ಜಾರು ಚೀಟಿ ಎತ್ತಿ ಓದಿದರು.

"'ಒಂದು: ಬರಿಗೈಯಿಂದ ಹಿಡಿಯಬಾರದು. ಎರಡು: ಮಕ್ಕಳ ಕೈಗೆ ಕೊಡಬಾರದು. ಮೂರು: ನೆಲದ ಮೇಲೆ ಓಡಿಸಬಾರದು...' ಹನ್ನೊಂದು ಕಾನೂನು ಬರದೀಯಲ್ಲೋ! ನಮ್ಮ ಮಠಕ್ಕ ಮೂರ ಅದಾವು, ಅವನ್ನೂ ಯಾರೂ ಪಾಲಸಂಗಿಲ್ಲ."

ಅಂದಾನಪ್ಪ ತಲೆ ತಗ್ಗಿಸಿ ನಿಂತಿದ್ದ.

"ಇಂಥಾವು ಇನ್ನೂ ಎಷ್ಟು ಅದಾವು?"

"ಇಪ್ಪತ್ತಾರ್ರಿ."

"ಹೋಗಿ ತಗೊಂಡು ಬಾ."

"ಗಾಡಿನೂ ತರಲೇನ್ರಿ?"

"ಗಾಡಿ ಸುದ್ದಿ ತಗೀಬ್ಯಾಡ. ಚೀಟಿ ಅಷ್ಟ ತಾ. ಯಾರರ ಗಾಡಿ ತೋರಸಿದ್ರ ನೋಡು. ನೋಡಿ, ಏನೂ ಅನಬ್ಯಾಡ."

*

ಕೊಡುವಾಗ ಅಂದಾನಪ್ಪ ಹಿಂದೆಮುಂದೆ ನೋಡಿರಲಿಲ್ಲ. ಚೀಟಿ ಕೇಳಲು ಹೋದಾಗ ಬಾಗಿಲು ಬಡಿಯಲೂ ಹಿಂಜರಿದ.

ವಕೀಲರ ಮನೆಯಲ್ಲಿ ಚೀಟಿ ಸಿಗಲಿಲ್ಲ. ಗಾಡಿ ಎಲ್ಲಿದೆಯೆಂದೂ ಯಾರಿಗೂ ನೆನಪಿರಲಿಲ್ಲ. ಫೋನಿನಲ್ಲಿ ಮಾತ್ರ ಪ್ರತಿ ವಾರ "ಎಣ್ಣಿ ಬಿಟ್ಟೇವ್ರಿ" ಎನ್ನುತ್ತಿದ್ದರು. ಆ ಸಂಜೆ ಅಂದಾನಪ್ಪ ಊಟ ಮಾಡಲಿಲ್ಲ.

ಡ್ರಾಯಿಂಗ್ ಮಾಸ್ತರು ಗಾಡಿಯನ್ನು ಪೂರ್ತಿ ಬಿಚ್ಚಿ, ಬಿಡಿಭಾಗಗಳನ್ನು ಪೇಪರಿನ ಮೇಲೆ ಹರವಿ, ಕಣ್ಣಲ್ಲಿ ಮಿಂಚು ತುಂಬಿಕೊಂಡು ಕೂತಿದ್ದರು. "ಒಳಗ ಏನ್ ಮಾಡ್ಯಾರ್ರಿ ಇವರು! ಬರ್ರಿ, ಬರ್ರಿ, ಇದನ್ನ ನೋಡ್ರಿ!" ಅಂದಾನಪ್ಪ ನೋಡಿದ. ನಲವತ್ತು ವರ್ಷ ಇಟ್ಟುಕೊಂಡ ಗಾಡಿಯ ಹೊಟ್ಟೆಯಲ್ಲಿ ಏನಿದೆ ಎಂದು ಅವನಿಗೂ ಗೊತ್ತಿರಲಿಲ್ಲ.

ಸಾವಂತ್ರವ್ವನ ಮನೆಯಲ್ಲಿ ಎಂಜಿನ್ ದೇವರ ಮುಂದೆ ಇತ್ತು. ಅದರ ಹೊಗೆ ಕೊಳವೆಯಲ್ಲಿ ಎರಡು ಊದಿನಕಡ್ಡಿ ಉರಿಯುತ್ತಿದ್ದವು.

"ಕಡ್ಡಿ ಚುಚ್ಚಾಕ ಭಾಳ ಅನುಕೂಲ ಆತು ನೋಡ್ರಿ," ಎಂದಳು ಆಕೆ. ಎಂಜಿನ್ನಿನ ಬಾಯಿಂದ ಹೊಗೆ ಬರುತ್ತಿದ್ದುದು ಅದೇ ಮೊದಲು. ಅಂದಾನಪ್ಪನಿಗೆ ಬಯ್ಯಬೇಕು ಅನ್ನಿಸಿತು. ಬಯ್ಯಲಿಲ್ಲ. ಕೈಮುಗಿದು ಬಂದ.

ಚಹದಂಗಡಿಯವನಂತೂ ಸಂಕೋಚವನ್ನೇ ಪಡಲಿಲ್ಲ.

"ಆ ಗಾಡಿ ಕೊಟ್ಟು ಮಿಕ್ಸರ್ ತಗೊಂಡೇನ್ರಿ ಮಾಸ್ತರ. ಚಟ್ನಿ ಭಾಳ ಛಂದ ಆಗತೈತಿ. ಕುಂದರ್ರಿ, ಇಡ್ಲಿ ತಿಂದು ಹೋಗ್ರಿ."

ಅದು ಜರ್ಮನಿಯ ಹಸಿರು ಗಾಡಿ. ಮೂರು ವರ್ಷ ಎಂಜಿನಿಯರ್ ಸಾಹೇಬರ ಬೆನ್ನು ಹತ್ತಿ ಪಡೆದದ್ದು. ಅಂದಾನಪ್ಪ ಕೂತು ಇಡ್ಲಿ ತಿಂದ. ಚಟ್ನಿ ನಿಜವಾಗಿಯೂ ಚೆನ್ನಾಗಿತ್ತು. ಅದು ಚೆನ್ನಾಗಿದ್ದದ್ದಕ್ಕೆ ಅವನಿಗೆ ಇನ್ನಷ್ಟು ಸಿಟ್ಟು ಬಂತು. ಎರಡನೆಯ ಸಲ ಚಟ್ನಿ ಹಾಕಿಸಿಕೊಂಡಾಗ, ತನ್ನ ಸಿಟ್ಟಿಗೆ ತಾನೇ ನಗು ಬಂತು.

ಅಲ್ಲಿಂದ ಮುಂದೆ ದಾರಿ ಸ್ವಲ್ಪ ಸಲೀಸಾಯಿತು. ಒಂದು ಮನೆಯಲ್ಲಿ ಗಾಡಿ ಉಸುಕಿನ ಗುಡ್ಡೆಯಲ್ಲಿ ಹೂತಿತ್ತು. ಇನ್ನೊಂದರಲ್ಲಿ ಗಾಳಿಗೆ ಬಾಗಿಲು ಬಡಿಯದಂತೆ ಅಡ್ಡ ಇಟ್ಟಿದ್ದರು. ಅಂದಾನಪ್ಪ ಚೀಟಿ ಇಸಿದುಕೊಂಡ, ನೀರು ಕುಡಿದ, ಮುಂದಿನ ಬಸ್ಸು ಹಿಡಿದ.

*

ಶ್ರಾವಣದ ಕಡೆಯ ಭಾನುವಾರ ಗದಗ ಮುಟ್ಟಿದ. ಅಳಿಯ ಮಕ್ಕಳನ್ನು ಕರೆದುಕೊಂಡು ಯಾವುದೋ ಮದುವೆಗೆ ಹೋಗಿದ್ದ. ಮನೆಯಲ್ಲಿ ಕಸ್ತೂರಿ ಒಬ್ಬಳೇ.

ಹಾಲ್‌ನಲ್ಲಿ ಗಾಜಿನ ಶೋಕೇಸು. ಎಲ್ಲಕ್ಕಿಂತ ಮೇಲಿನ ಹಂತದಲ್ಲಿ, ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿಕೊಂಡು ಎಣ್ಣೆ ಡಬ್ಬಿಯ ಗಾಡಿ ನಿಂತಿತ್ತು. ಅದರ ಪಕ್ಕದಲ್ಲಿ ನೀಲವ್ವ ಹೊಲಿದ ಚೀಲ, ನಾಲ್ಕು ಮಡಿಕೆ ಮಾಡಿ. ಅದರ ಪಕ್ಕದಲ್ಲಿ ಕೀಲಿ. ಶೋಕೇಸಿಗೆ ಬೀಗ.

"ಚೀಟಿ ಐತೇನವಾ?" ಎಂದು ಅಂದಾನಪ್ಪ ಕೇಳಿದ.

ಕಸ್ತೂರಿ ದೇವರ ಕೋಣೆಗೆ ಹೋಗಿ ಚೀಟಿ ತಂದಳು. ಕೊಡುವಾಗ ಅವಳ ಮುಖ ಬಿಳಿಚಿಕೊಂಡಿತ್ತು.

"ಯಾಕ್ರಿ ಅಪ್ಪಾರ? ನಾ ಏನರ ತಪ್ಪು ಮಾಡೇನೇನು?"

"ಇಲ್ಲ, ಇಲ್ಲ."

"ಹನ್ನೊಂದೂ ಪಾಲಿಸೇನ್ರಿ. ಬೇಕಾದ್ರ ನೋಡ್ರಿ. ಮಕ್ಕಳಿಗೆ ಬೀಗದ ಕೈ ಎಲ್ಲೈತಿ ಅನ್ನೂದೂ ಗೊತ್ತಿಲ್ಲ. ಒಂದ ಸಲನೂ ಓಡಿಸಿಲ್ಲ."

ಅಂದಾನಪ್ಪ ಗಾಜಿನಾಚೆಗೆ ನೋಡಿದ. ಒಂದು ಗೀರಿಲ್ಲ, ಒಂದು ಚೂರು ಧೂಳಿಲ್ಲ. ಇಪ್ಪತ್ತೇಳು ಮನೆಗಳಲ್ಲಿ ಅವನು ಹೇಳಿದ ಹಾಗೆಯೇ ಉಳಿದ ಗಾಡಿ ಅದೊಂದೇ. ಬೇರೆ ಎಲ್ಲಿಯೂ ಆಗದಷ್ಟು ಸಂಕಟ ಅವನಿಗೆ ಅಲ್ಲಿ ಆಯಿತು.

"ಓಡಿಸಬೇಕು ಅಂತ ಅನಿಸಿಲ್ಲೇನವಾ?"

ಕಸ್ತೂರಿ ಶೋಕೇಸಿನ ಗಾಜನ್ನು ಸೆರಗಿನಿಂದ ಒರೆಸಿದಳು.

"ಏಳು ವರ್ಷದಾಕಿ ಇದ್ದಾಗ ಅನಿಸಿತ್ರಿ."

ಅಂದಾನಪ್ಪ ಅಲ್ಲೇ ನೆಲದ ಮೇಲೆ ಕೂತುಬಿಟ್ಟ.

ಅವನಿಗೆ ನೆನಪಾಯಿತು. ರೈಲ್ವೆ ಕ್ವಾರ್ಟರ್ಸಿನ ಹೊಸ್ತಿಲು. ಅವನು ಗಾಡಿಗಳನ್ನು ಹರವಿಕೊಂಡು ಕೂತಾಗಲೆಲ್ಲ ಹೊಸ್ತಿಲ ಆಚೆ ಈ ಹುಡುಗಿ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿರುತ್ತಿದ್ದಳು. ಬಂದವರಿಗೆಲ್ಲ ಅವನು ಹೆಮ್ಮೆಯಿಂದ ಹೇಳುತ್ತಿದ್ದ: ನಮ್ಮ ಕಸ್ತೂರಿ ಭಾಳ ಶಾಣ್ಯಾಕಿ, ಒಂದಕ್ಕೂ ಕೈ ಹಚ್ಚಂಗಿಲ್ಲ.

"ಬೀಗದ ಕೈ ತಗೊಂಡು ಬಾ," ಎಂದ.

ಗಾಡಿ ಕೆಳಗಿಳಿಯಿತು. ಪ್ಲಾಸ್ಟಿಕ್ ಬಿಚ್ಚಿತು. ಅಂದಾನಪ್ಪ ಅದನ್ನು ನೆಲದ ಮೇಲಿಟ್ಟು, ಕೀಲಿಯನ್ನು ಮಗಳ ಕೈಗೆ ಕೊಟ್ಟ. ನಲವತ್ತೊಂದು ವರ್ಷದ ಹೆಂಗಸು, ಕೀಲಿ ಹಿಡಿದು ಗಾಡಿಯ ಮುಂದೆ ಕೂತಳು.

"ಎಷ್ಟು ಸುತ್ತು ಕೊಡಬೇಕ್ರಿ ಅಪ್ಪಾರ?"

ಏಳು ಎಂದು ಅಂದಾನಪ್ಪನ ಬಾಯಿಗೆ ಬಂತು. ಚೀಟಿಯಲ್ಲಿ ಅದು ಎಂಟನೆಯ ಸೂಚನೆ.

"ನಿನಗ ತಿಳಿದಷ್ಟು ಕೊಡು."

ಅವಳು ಕೊಟ್ಟಳು. ಗಾಡಿ ಗರ್ರೆಂದು ಓಡಿ ಸೋಫಾದ ಕಾಲಿಗೆ ಗುದ್ದಿತು. ಕಸ್ತೂರಿ ಹೌಹಾರಿ ತಂದೆಯ ಮುಖ ನೋಡಿದಳು. ಅವನು ಗಾಡಿಯನ್ನು ತಿರುಗಿಸಿ ವಾಪಸು ತಳ್ಳಿದ. ಅವಳು ಮತ್ತೆ ಕೀಲಿ ಕೊಟ್ಟಳು. ಮತ್ತೆ ಓಡಿತು, ಅಡುಗೆಮನೆಯವರೆಗೂ. ಹೀಗೇ ಎಷ್ಟು ಸಲವೋ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮಂಡಿಯೂರಿ ಅದರ ಹಿಂದೆಯೇ ಹೋಗುತ್ತಿದ್ದಳು. ಪ್ರತಿ ಸಲ ಒಂದು ಸುತ್ತು ಹೆಚ್ಚಿಗೆ ಕೊಡುತ್ತಿದ್ದಳು.

ಖಟ್!

ಸ್ಪ್ರಿಂಗ್ ಮುರಿಯಿತು. ಒಂದು ಗಾಲಿ ಕಳಚಿ ಕಪಾಟಿನ ಕೆಳಗೆ ಉರುಳಿತು.

ಇಬ್ಬರೂ ಬಗ್ಗಿ ಕಪಾಟಿನ ಕೆಳಗೆ ನೋಡಿದರು.

ಮೊದಲು ನಕ್ಕವರು ಯಾರೋ ಗೊತ್ತಿಲ್ಲ. ಕಸ್ತೂರಿಯಂತೂ ಹೊಟ್ಟೆ ಹಿಡಿದುಕೊಂಡು ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅಂದಾನಪ್ಪನಿಗೆ ಕೆಮ್ಮು ಹತ್ತಿತು. ಅವಳು ಬೆನ್ನು ತಟ್ಟುತ್ತ, "ಅಯ್ಯೋ ಅಪ್ಪಾ, ಸಾಕು, ಸಾಕು," ಎಂದು ಮತ್ತೆ ನಕ್ಕಳು.

*

ಸೋಮವಾರ ಬೆಳಿಗ್ಗೆ ಅಂದಾನಪ್ಪ ಮಠದಲ್ಲಿದ್ದ. ಹೊಳೆಯಲ್ಲಿ ಮಿಂದು ಬಂದು, ಒದ್ದೆ ತಲೆಯಲ್ಲೇ ಅಜ್ಜಾರ ಮುಂದೆ ಕೂತ. ಅಜ್ಜಾರ ತೊಡೆಯ ಮೇಲೆ ಹೊಸ ಕಾವಿಯ ಮಡಿಕೆ ಇತ್ತು.

ಅಂದಾನಪ್ಪ ಚೀಟಿಗಳ ಕಟ್ಟನ್ನು ಮುಂದಿಟ್ಟ. ಅಜ್ಜಾರು ಅದನ್ನು ಒಲೆಗೆ ಹಾಕಲು ಹೇಳಿ ಶಿಷ್ಯನ ಕೈಗೆ ಕೊಟ್ಟರು.

"ಎಲ್ಲಾರ ಮನಿಗೂ ಹೋಗಿದ್ದೇನು?"

"ಹೋಗಿದ್ದೇರಿ." ಅಂದಾನಪ್ಪ ಒಂದನ್ನೂ ಬಿಡದೆ ಹೇಳಿದ. ಊದಿನಕಡ್ಡಿ ಹೇಳಿದ, ಚಟ್ನಿ ಹೇಳಿದ. ಅಜ್ಜಾರು ಚಟ್ನಿಗೆ ಮೆಲ್ಲಗೆ ನಕ್ಕರು. ಕಡೆಗೆ ಮಗಳ ಮನೆಯದನ್ನು ಹೇಳಿದ.

"ಸ್ಪ್ರಿಂಗ್ ಮುರೀತ್ರಿ ಅಜ್ಜಾರ. ಇಬ್ಬರೂ ನಕ್ಕಿವಿ. ಆಕಿ ಹಂಗ ನಕ್ಕದ್ದು ನಾ ಎಂದೂ ನೋಡಿದ್ದಿಲ್ಲ."

"ಆಮ್ಯಾಲ?"

"ನಾಲ್ಕು ದಿನ ಇರು ಅಪ್ಪಾ ಅಂದ್ಲು. ಇಲ್ಲವಾ, ನಾಳೆ ದೀಕ್ಷಾ ಐತಿ, ಬಿಟ್ಟು ಬರಬೇಕಾದ್ದೆಲ್ಲಾ ಬಿಟ್ಟೇನಿ ಅಂದೆ. ಬಸ್‌ಸ್ಟ್ಯಾಂಡಿನತನ ಬಂದಿದ್ಲು. ಬಸ್ಸು ಹೊಂಟಾಗನೂ ಇನ್ನೂ ನಗಾಕತ್ತಿದ್ಲು."

ಅಂದಾನಪ್ಪ ಎರಡೂ ಅಂಗೈ ಜೋಡಿಸಿ ಕಾವಿಗಾಗಿ ಮುಂದೆ ಚಾಚಿದ.

"ಇನ್ನ ನಂದು ಅಂತ ಏನೂ ಉಳಿದಿಲ್ರಿ."

ಅಜ್ಜಾರು ಕಾವಿಯ ಮಡಿಕೆಯನ್ನು ಎತ್ತಿ ತಮ್ಮ ಬೆನ್ನ ಹಿಂದೆ ಇಟ್ಟುಕೊಂಡರು.

"ನಗಾಕತ್ತಿದ್ದ ಮಗಳನ್ನ ಬಸ್‌ಸ್ಟ್ಯಾಂಡಿನ್ಯಾಗ ನಿಲ್ಲಿಸಿ, ನೀ ಇಲ್ಲಿಗೆ ಯಾಕ ಬಂದೀ?"